ಫಾರಂ ನಂಬರ್ 7 ಮತ್ತು ಕಲ್ಲಹಳ್ಳಿಯ ಅರಸು: ಹಕ್ಕನ್ನು ತಾಲೂಕು ಕಚೇರಿವರೆಗೆ ತಂದ ಮುಖ್ಯಮಂತ್ರಿ

ಹುಣಸೂರು: ಆಗಸ್ಟ್ 20 ಬಂತು ಅಂದ್ರೆ ದೇವರಾಜ ಅರಸು ಅವರ ಫೋಟೋಗೆ ಹಾರ ಬೀಳುತ್ತೆ, ಭಾಷಣ ಆಗುತ್ತೆ, ಮಾರನೇ ದಿನ ಎಲ್ಲರೂ ಮರೀತಾರೆ. ಆದರೆ ರಾಜ್ಯದ ಎಷ್ಟೋ ಮನೆಗಳ ಟ್ರಂಕಿನಲ್ಲಿ ಭೂನ್ಯಾಯ ಮಂಡಳಿಯ ಒಂದು ಹಳೇ ಆದೇಶ ಇವತ್ತಿಗೂ ಭದ್ರವಾಗಿದೆ. ಅಜ್ಜ ಗೇಣಿ ಮಾಡುತ್ತಿದ್ದ ಹೊಲ ಅಜ್ಜನ ಹೆಸರಿಗೇ ಆಯ್ತು ಅನ್ನೋದಕ್ಕೆ ಅದೇ ದಾಖಲೆ. ಅದರ ಹಿಂದೆ ಇದ್ದ ಮನುಷ್ಯ ಇದೇ ತಾಲೂಕಿನವರು.

ಅರಸು ಹುಟ್ಟಿದ್ದು 1915ರಲ್ಲಿ. ಊರು ಹುಣಸೂರು ತಾಲೂಕಿನ ಕಲ್ಲಹಳ್ಳಿ. ಮೈಸೂರು ರಾಜಮನೆತನಕ್ಕೆ ಹತ್ತಿರದ ಅರಸು ಸಮುದಾಯ. ಹೆಸರು ದೊಡ್ಡದು, ಜನಸಂಖ್ಯೆ ತೀರಾ ಕಡಿಮೆ. ಮೈಸೂರಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದರೂ ನೌಕರಿ ಹುಡುಕಲಿಲ್ಲ. ಊರಿಗೆ ವಾಪಸ್ ಬಂದು ಬೇಸಾಯಕ್ಕೆ ಇಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರಲ್ಲಿ ಹುಣಸೂರಿನಿಂದ ಶಾಸಕರಾದರು.

ಎಣಿಕೆಗೆ ಬಾರದವರ ಲೆಕ್ಕ

ಆಗಿನ ರಾಜಕೀಯದಲ್ಲಿ ಎರಡು ದೊಡ್ಡ ಸಮುದಾಯಗಳದ್ದೇ ಮೇಲುಗೈ. ಅರಸು ಅವರ ಬೆನ್ನಿಗೆ ಜಾತಿಯ ಓಟಿನ ಗಂಟು ಇರಲಿಲ್ಲ. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಘಟಾನುಘಟಿಗಳು ನಿಜಲಿಂಗಪ್ಪನವರ ಜೊತೆ ನಿಂತರು. ಅರಸು ಇಂದಿರಾ ಗಾಂಧಿ ಕಡೆಗೆ ಹೋದರು. 1972ರ ಚುನಾವಣೆಯಲ್ಲಿ ಯಾವ ಪಕ್ಷವೂ ಲೆಕ್ಕಕ್ಕೆ ಇಟ್ಟುಕೊಳ್ಳದ ಸಣ್ಣ ಸಣ್ಣ ಜಾತಿಗಳವರನ್ನು, ಹಿಂದುಳಿದವರನ್ನು, ದಲಿತರನ್ನು, ಮುಸ್ಲಿಮರನ್ನು ಒಟ್ಟು ಮಾಡಿ ಟಿಕೆಟ್ ಕೊಟ್ಟರು. ಪಕ್ಷ ಭರ್ಜರಿಯಾಗಿ ಗೆದ್ದಿತು, ಆ ವರ್ಷ ಮಾರ್ಚ್‌ನಲ್ಲಿ ಅರಸು ಮುಖ್ಯಮಂತ್ರಿ ಆದರು.

ಓಟು ಹಾಕಿಸಿಕೊಂಡು ಮರೆಯೋದು ಸುಲಭ ಇತ್ತು. ಅವರು ಹಾಗೆ ಮಾಡಲಿಲ್ಲ.

ವಕೀಲರಿಲ್ಲದ ಕೋರ್ಟು

ಭೂಸುಧಾರಣಾ ಕಾಯ್ದೆ 1961ರಲ್ಲೇ ಬಂದಿತ್ತು. ಆದರೆ ಸ್ವಂತ ಸಾಗುವಳಿ ಮಾಡ್ತೀವಿ ಅಂತ ಹೇಳಿ ಒಡೆಯರು ಗೇಣಿದಾರರಿಂದ ಜಮೀನು ಬಿಡಿಸಿಕೊಳ್ಳೋಕೆ ಅದರಲ್ಲಿ ದಾರಿ ಇತ್ತು. ಅರಸು ಸರ್ಕಾರ ತಿದ್ದುಪಡಿ ತಂದು ಆ ದಾರಿ ಮುಚ್ಚಿತು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು. ಉಳುತ್ತಿದ್ದವರು ಫಾರಂ ನಂಬರ್ 7 ತುಂಬಿ ಅರ್ಜಿ ಕೊಟ್ಟರೆ ಅವರ ಹೆಸರಿಗೆ ಮಾಡಿಕೊಡಬೇಕು.

ಇಲ್ಲಿ ಮುಖ್ಯವಾದದ್ದು ತೀರ್ಮಾನ ಮಾಡೋರು ಯಾರು ಅನ್ನೋದು. ಸಿವಿಲ್ ಕೋರ್ಟಿಗೆ ಹೋದರೆ ದುಡ್ಡಿದ್ದೋನು ಗೆಲ್ತಾನೆ. ಅದಕ್ಕೇ ತಾಲೂಕು ಮಟ್ಟದಲ್ಲಿ ಭೂನ್ಯಾಯ ಮಂಡಳಿಗಳನ್ನು ಮಾಡಿದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಅದರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರಿಗೆ ಪ್ರವೇಶ ಇಲ್ಲ. ಎಷ್ಟೋ ಗೇಣಿದಾರರಿಗೆ ಚೀಟಿ ಇರಲಿಲ್ಲ, ಪಹಣಿಯಲ್ಲಿ ಹೆಸರೂ ಇರಲಿಲ್ಲ. ಇದ್ದದ್ದು ಅಕ್ಕಪಕ್ಕದ ಹೊಲದವರ ಸಾಕ್ಷಿ ಅಷ್ಟೇ.

8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಗೇಣಿದಾರರ ಪರ ಆದವು. ಗೇಣಿ ಜಾಸ್ತಿ ಇದ್ದ ಕರಾವಳಿ ಮತ್ತು ಮಲೆನಾಡಿನಲ್ಲಿ ಇದರ ಲಾಭ ಹೆಚ್ಚು ಸಿಕ್ಕಿತು.

ಹಾಗಂತ ಎಲ್ಲರಿಗೂ ಸಿಕ್ಕಿತು ಅನ್ನೋಕಾಗಲ್ಲ. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ದಲಿತ ಕುಟುಂಬಗಳು ಫಾರಂ 7 ಹಾಕೋಕೆ ಹಕ್ಕೇ ಇರಲಿಲ್ಲ. ಇನ್ನೊಂದು ಕಡೆ, ಒಂದೆರಡು ಎಕರೆ ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರು, ಸಣ್ಣ ಹಿಡುವಳಿದಾರರೂ ಜಮೀನು ಕಳೆದುಕೊಂಡರು. ಆ ನೋವು ಕೆಲವು ಮನೆಗಳಲ್ಲಿ ಇನ್ನೂ ಇದೆ.

ಹಾವನೂರ ವರದಿ

ಎರಡನೇ ದೊಡ್ಡ ಕೆಲಸ ಮೀಸಲಾತಿಯದ್ದು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿದ್ದರು. ಆದರೆ 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ರಾಜ್ಯದ ಶೇ 68ರ ಮೀಸಲಾತಿ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆಮೇಲೆ ಜಾತಿ ಬಿಟ್ಟು ಆದಾಯ, ಕಸುಬು ನೋಡಿ ಸೀಟು ಕೊಡೋಕೆ ಶುರುವಾಯಿತು. ಕುರಿ ಕಾಯೋರು, ಮಡಕೆ ಮಾಡೋರು, ಕ್ಷೌರ ಮಾಡೋರ ಮಕ್ಕಳಿಗೆ ಅದರಿಂದ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

1972ರಲ್ಲಿ ಅರಸು ಸರ್ಕಾರ ವಕೀಲ ಎಲ್.ಜಿ. ಹಾವನೂರ ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ಮಾಡಿತು. ಯಾವ ಜಾತಿಯ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ, ಸರ್ಕಾರಿ ಕೆಲಸದಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ಆಯೋಗ ಅಂಕಿ ಅಂಶ ಕಲೆಹಾಕಿತು. ಬಾಯಿಮಾತು ಕೋರ್ಟಿನಲ್ಲಿ ನಿಲ್ಲಲ್ಲ ಅನ್ನೋದು ಬಾಲಾಜಿ ಕೇಸು ಕಲಿಸಿದ ಪಾಠ. 1975ರ ನವೆಂಬರ್‌ನಲ್ಲಿ ವರದಿ ಬಂತು. ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟಿದ್ದಕ್ಕೆ ದೊಡ್ಡ ವಿರೋಧ ಎದ್ದಿತು. ಆದರೂ 1977ರಲ್ಲಿ ಸರ್ಕಾರ ಆದೇಶ ಹೊರಡಿಸಿತು, ಮುಸ್ಲಿಮರನ್ನೂ ಹಿಂದುಳಿದ ವರ್ಗಕ್ಕೆ ಸೇರಿಸಿತು.

ಅದು ಮತ್ತೆ ಕೋರ್ಟು ಹತ್ತಿತು. ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗ ಬಂದವು. ಇವತ್ತು ನಾಡಕಚೇರಿಯಲ್ಲಿ ಜಾತಿ ಸರ್ಟಿಫಿಕೇಟ್ ಕೇಳುವಾಗ ಬರೆಸುವ ಪ್ರವರ್ಗ 1, 2ಎ, 3ಎ ಎಲ್ಲ ಆ ದಾರಿಯಲ್ಲೇ ಮುಂದೆ ಬಂದವು.

ತಲೆ ಮೇಲಿನ ಹೊರೆ

ಅರಸು ಸಂಪುಟದಲ್ಲಿ ಬಿ. ಬಸವಲಿಂಗಪ್ಪ ಸಚಿವರಾಗಿದ್ದರು. ಊರಿನ ಮಲವನ್ನು ತಲೆ ಮೇಲೆ ಹೊರಿಸುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಆದೇಶ ಮಾಡಿದ್ದು ಅವರೇ. ಕನ್ನಡ ಸಾಹಿತ್ಯವನ್ನು ಬೂಸಾ ಅಂದರು ಅನ್ನೋ ಗಲಾಟೆ 1973ರಲ್ಲಿ ಎದ್ದಾಗ ಅವರು ರಾಜೀನಾಮೆ ಕೊಡಬೇಕಾಯಿತು. ದಲಿತ ಯುವಕರು ಆ ಬೂಸಾ ಗಲಾಟೆಯಿಂದಲೇ ಸಂಘಟನೆ ಆಗೋಕೆ ಶುರು ಮಾಡಿದರು.

ಜೀತ ನಿಷೇಧದ ಕೇಂದ್ರ ಕಾಯ್ದೆ, ರಾಜ್ಯದ ಋಣ ಪರಿಹಾರ ಕಾಯ್ದೆ ಎರಡೂ 1976ರಲ್ಲಿ ಬಂದವು. ಕೂಲಿಕಾರರು, ಸಣ್ಣ ರೈತರ ಸಾಲ ಮನ್ನಾ ಆಯಿತು, ಗಿರವಿ ಇಟ್ಟ ಒಡವೆ, ಪಾತ್ರೆ ವಾಪಸ್ ಕೊಡಬೇಕಾಯಿತು. ಸಾಲ ಕೊಟ್ಟ ಅಂಗಡಿಯವರಿಗೆ ಇದು ನಷ್ಟವೇ.

ಕೊನೆಯ ವರ್ಷಗಳು

ಅರಸು ಕಪ್ಪುಚುಕ್ಕೆ ಇಲ್ಲದ ನಾಯಕ ಅಲ್ಲ. ತುರ್ತು ಪರಿಸ್ಥಿತಿಯಲ್ಲಿ ವಿರೋಧಿಗಳನ್ನು ಜೈಲಿಗೆ ಹಾಕಿದಾಗ ರಾಜ್ಯದಲ್ಲಿ ಅಧಿಕಾರದಲ್ಲಿ ಇದ್ದದ್ದು ಅವರೇ. ಭ್ರಷ್ಟಾಚಾರದ ಆರೋಪಕ್ಕೆ ಗ್ರೋವರ್ ಆಯೋಗದ ತನಿಖೆಯನ್ನೂ ಎದುರಿಸಿದರು. 1977ರ ಕೊನೆಯಲ್ಲಿ ಸರ್ಕಾರ ವಜಾ ಆಯಿತು. ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು ವಾಪಸ್ ಬಂದರು.

1979ರಲ್ಲಿ ಇಂದಿರಾ ಗಾಂಧಿ ಜೊತೆ ಬಿರುಕು ಬಿತ್ತು. 1980ರ ಜನವರಿಯ ಲೋಕಸಭೆ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ರಾಜ್ಯದಲ್ಲಿ ಒಂದು ಸೀಟೂ ಬರಲಿಲ್ಲ. ಯಾರಿಗೆ ಜಮೀನು ಕೊಡಿಸಿದರೋ ಅವರಲ್ಲೇ ಬಹಳ ಮಂದಿ ಬೇರೆ ಕಡೆ ಓಟು ಹಾಕಿದ್ದರು. ಅರಸು ರಾಜೀನಾಮೆ ಕೊಟ್ಟರು. 1982ರ ಜೂನ್ 6ರಂದು, 66ನೇ ವಯಸ್ಸಿನಲ್ಲಿ ತೀರಿಕೊಂಡರು.

ಆಮೇಲೆ ಎಷ್ಟೋ ಸರ್ಕಾರಗಳು ಬಂದು ಹೋದವು. ಗೇಣಿದಾರರಿಗೆ ಸಿಕ್ಕ ಜಮೀನನ್ನು, ಹಿಂದುಳಿದವರ ಮೀಸಲಾತಿಯನ್ನು ಯಾರೂ ವಾಪಸ್ ಪಡೆಯಲಿಲ್ಲ. ಆದರೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ಅರಸು ಕಾಲದ ತಿದ್ದುಪಡಿಯಲ್ಲಿ ಸೇರಿಸಿದ್ದ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಫಾರಂ 7ರಿಂದ ಬಂದ ಹೊಲವನ್ನು ಇಟ್ಟುಕೊಳ್ಳೋದು, ಮಾರೋದು ಈಗ ಆ ಅಜ್ಜಂದಿರ ಮೊಮ್ಮಕ್ಕಳ ಕೈಯಲ್ಲಿದೆ.