ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು

ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಲ್ಲಿಯೂ ಈಗ ಬೇರೆ ತಾಲ್ಲೂಕಾಗಿರುವ ಸರಗೂರಿನ ಆಸ್ಪತ್ರೆಯಲ್ಲಿಯೂ ದೂರದೇಶಗಳ ತರುಣ ತರುಣಿಯರು ಬಂದು, ಕೆಲವು ಕಾಲ ನಿಂತು, ಆರೋಗ್ಯದ ಕಾರ್ಯದಲ್ಲಿ ಕೈಗೂಡಿಸುವುದುಂಟು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಆ ಸೀಮೆಯಲ್ಲಿ ಬೇರೂರಿದ ಮೇಲೆ ಇದು ಅಲ್ಲಿನ ಜನಕ್ಕೆ ರೂಢಿಯ ನೋಟವಾಗಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ನಮ್ಮ ವಾಚಕರೂ ಅವರನ್ನು ಬಸ್ಸುಗಳಲ್ಲಿ ಕಂಡಿರಬಹುದು. ಹೀಗೆ ಬಂದವರನ್ನು ಆದರಿಸುವ ನಾವು, ನಮ್ಮ ದೇಶದಿಂದ ಇದೇ ಕಾರ್ಯಕ್ಕಾಗಿ ಪರದೇಶಕ್ಕೆ ಹೋಗಿ ಅಲ್ಲಿಯೇ ಮಣ್ಣಾದ ಒಬ್ಬ ವೈದ್ಯರನ್ನು ಮರೆತಿರುವುದು ಉಚಿತವಲ್ಲ. ಅವರು ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು.

ಸೊಲ್ಲಾಪುರವೆಂದರೆ ಕನ್ನಡಿಗರಿಗೆ ಹೊರಗಿನ ಊರಲ್ಲ. ಶರಣ ಸಿದ್ಧರಾಮನು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಅದು. ಕನ್ನಡ, ಮರಾಠಿ, ತೆಲುಗು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಗಿರಣಿಗಳ ಪಟ್ಟಣ. ಕೋಟ್ನೀಸರದು ಮರಾಠಿ ಮನೆತನ. 1910ನೆಯ ಅಕ್ಟೋಬರ್ 10ರಂದು ಜನನ. ಅಣ್ಣತಮ್ಮಂದಿರೂ ಅಕ್ಕತಂಗಿಯರೂ ತುಂಬಿದ ಮಧ್ಯಮ ಸ್ಥಿತಿಯ ಸಂಸಾರ. ಅವರಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ, 1930ರ ಮೇ ತಿಂಗಳಲ್ಲಿ, ಸೊಲ್ಲಾಪುರದ ಜನ ಆಂಗ್ಲರ ಆಳ್ವಿಕೆಯನ್ನು ಕೆಲವು ದಿನ ಊರಿನಿಂದ ಹೊರಹಾಕಿದರು. ಸರ್ಕಾರವು ಸೈನಿಕ ಶಾಸನವನ್ನು ಹೇರಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕೃಷ್ಣ ಸಾರಡಾ ಎಂಬ ನಾಲ್ವರನ್ನು 1931ರ ಜನವರಿ 12ರಂದು ಯರವಡೆಯಲ್ಲಿ ಗಲ್ಲಿಗೇರಿಸಿದರು. ಅಂತಹ ಊರಿನ ಹುಡುಗನು ಮುಂಬಯಿಯ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯನಾದನು. ಉನ್ನತ ವ್ಯಾಸಂಗಕ್ಕೆ ಸಿದ್ಧತೆ ನಡೆದಿರುವಾಗಲೇ ಚೀನ ದೇಶದ ಕರೆ ಬಂದಿತು.

ಜಪಾನು 1937ರಲ್ಲಿ ಚೀನದ ಮೇಲೆ ಬಿದ್ದಿತು. ಅಲ್ಲಿಯ ಸೇನಾಪತಿ ಜು ದೆ ಅವರು ವೈದ್ಯರನ್ನು ಕಳುಹಿಸಬೇಕೆಂದು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದರು. ಮರುವರ್ಷ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಮನವಿ ಮಾಡಿದರು. ತಾನೇ ಪರಾಧೀನವಾಗಿದ್ದ ಬಡ ದೇಶವು ನೆರೆಯವರ ಕಷ್ಟಕ್ಕಾಗಿ 22,000 ರೂಪಾಯಿ ಕೂಡಿಸಿತು. ಒಂದು ಆಂಬುಲೆನ್ಸ್ ಗಾಡಿಯನ್ನೂ ಐವರು ವೈದ್ಯರನ್ನೂ ಕಳುಹಿಸಿತು. ಅಲಹಾಬಾದಿನ ಅಟಲ್, ನಾಗಪುರದ ಚೋಳ್ಕರ್, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಇವರೊಡನೆ ಇಪ್ಪತ್ತೇಳು ವರ್ಷದ ಕೋಟ್ನೀಸರು. 1938ರ ಸೆಪ್ಟೆಂಬರ್ 1ರಂದು ಮುಂಬಯಿಯಲ್ಲಿ ಹಡಗನ್ನೇರಿ, ಅದೇ ತಿಂಗಳು 17ರಂದು ಕ್ಯಾಂಟನ್ನು ಮುಟ್ಟಿದರು. ಚೀನದವರು ಐವರಿಗೂ ತಮ್ಮ ಭಾಷೆಯ ಹೆಸರಿಟ್ಟು, ಕೊನೆಗೆ ಚೀನವೆಂಬ ಅರ್ಥದ ಹುವಾ ಎಂಬ ಮಾತನ್ನು ಸೇರಿಸಿದರು. ಕೋಟ್ನೀಸರು ಕೆ ದಿಹುವಾ ಆದರು.

ಯುದ್ಧಭೂಮಿಯನ್ನು ಕಾಣುವ ಮೊದಲೇ ಅವರಿಗೆ ಪರೀಕ್ಷೆಯೊದಗಿತು. ಚುಂಗ್‌ಕಿಂಗ್ ನಗರದಲ್ಲಿದ್ದಾಗ ತಂದೆ ತೀರಿಕೊಂಡ ವಾರ್ತೆ ಬಂದಿತು. ಮನೆಗೆ ಹಿಂದಿರುಗಿದ್ದರೆ ಅವರನ್ನು ಯಾರೂ ದೂಷಿಸುತ್ತಿರಲಿಲ್ಲ. ದೊಡ್ಡ ಸಂಸಾರಕ್ಕೆ ಆಸರೆ ಬೇಕಾಗಿತ್ತು. ಅವರು ಹಿಂದಿರುಗಲಿಲ್ಲ. ಈ ತೀರ್ಮಾನವನ್ನು ಹೊಗಳುವುದು ಸುಲಭ. ಸೊಲ್ಲಾಪುರದ ಮನೆಯಲ್ಲಿ ಉಳಿದವರಿಗೆ ಅದು ಎಷ್ಟು ಭಾರವಾಗಿರಬೇಕೆಂಬುದನ್ನು ಗೃಹಸ್ಥರಾದ ನಾವು ಮರೆಯಲಾರೆವು.

1939ರ ಫೆಬ್ರವರಿಯಲ್ಲಿ ಅವರು ಯೆನಾನಿಗೆ ಸೇರಿದರು. ಅಲ್ಲಿ ವಾಸ, ಆಸ್ಪತ್ರೆ ಎಲ್ಲವೂ ಹಳದಿ ಮಣ್ಣಿನ ಗುಡ್ಡದಲ್ಲಿ ಕೊರೆದ ಗುಹೆಗಳಲ್ಲಿ. ಆ ವರ್ಷದ ಕೊನೆಯಲ್ಲಿ ಅಲ್ಲಿಂದ ಹೊರಟು ಶತ್ರುಪಾಳೆಯಗಳ ಹಿಂಬದಿಯ ಬೆಟ್ಟದ ಸೀಮೆಗೆ ಹೋದರು. ಊಟವೆಂದರೆ ನವಣೆಯ ಅನ್ನ. ನಮ್ಮ ಹಳ್ಳಿಗರಿಗೆ ನವಣೆ ಹೊಸದಲ್ಲ. ಮುಂಬಯಿಯಲ್ಲಿ ಓದಿದ ವೈದ್ಯನಿಗೆ ಅದೇ ನಿತ್ಯದ ಆಹಾರವಾದುದು ಮಾತ್ರ ಗಮನಿಸತಕ್ಕದ್ದು. ಹತ್ತಿ ತುಂಬಿದ ಅಂಗಿಯೇ ಉಡುಪು. ಕೆಳಗೆ ಬೆಂಕಿಯಿಟ್ಟು ಕಾಯಿಸುವ ಇಟ್ಟಿಗೆಯ ಜಗುಲಿಯೇ ಹಾಸಿಗೆ. ಗಾಯಾಳುಗಳನ್ನು ರೈತರ ಮನೆಗಳಲ್ಲಿಯೇ ಇರಿಸಬೇಕು. ಶತ್ರುಗಳು ಸಮೀಪಿಸಿದರೆ ರಾತ್ರೋರಾತ್ರಿ ರೋಗಿಗಳನ್ನೂ ಸಲಕರಣೆಗಳನ್ನೂ ಹೊತ್ತು ಬೆಟ್ಟವೇರಬೇಕು. ಔಷಧಿಯ ಅಭಾವವನ್ನಂತೂ ಹೇಳುವಂತಿಲ್ಲ. 1940ರ ದೊಡ್ಡ ಕಾಳಗದ ಕಾಲದಲ್ಲಿ ಹದಿಮೂರು ದಿನಗಳೊಳಗೆ 800ಕ್ಕೂ ಹೆಚ್ಚು ಗಾಯಾಳುಗಳು ಅವರ ಕೈಸೇರಿದರು. 558 ಮಂದಿಗೆ ಶಸ್ತ್ರಚಿಕಿತ್ಸೆ ನಡೆಯಿತು.

ಇಷ್ಟೇ ಆಗಿದ್ದರೆ ಅದನ್ನು ಶೌರ್ಯವೆಂದು ಕರೆದು ಮುಗಿಸಬಹುದಾಗಿತ್ತು. ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಬೇರೊಂದು ಸಂಗತಿ. ಕೋಟ್ನೀಸರು ಆ ಜನರ ಭಾಷೆಯನ್ನು ಕಲಿತರು. ದುಭಾಷಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಚಿಕಿತ್ಸೆ ಮಾಡುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಚೀನದ ಭಾಷೆಯಲ್ಲಿ ರೋಗಿಯೊಡನೆ ಮಾತನಾಡಿದುದಲ್ಲದೆ ಅದೇ ಭಾಷೆಯಲ್ಲಿ ಶಸ್ತ್ರವೈದ್ಯವನ್ನು ಪಾಠ ಹೇಳಿದರು. ವಿದ್ಯಾರ್ಥಿಗಳಿಗಾಗಿ ಪಾಠದ ಟಿಪ್ಪಣಿಗಳನ್ನು ರಚಿಸಿದರು. ಅದೇ ಸೀಮೆಯಲ್ಲಿ ಸೇವೆ ಮಾಡುತ್ತಿದ್ದ ಕೆನಡದ ವೈದ್ಯ ನಾರ್ಮನ್ ಬೆಥೂನರು, ಶಸ್ತ್ರಚಿಕಿತ್ಸೆಯ ವೇಳೆ ಬೆರಳಿಗಾದ ಗಾಯ ನಂಜಾಗಿ 1939ರ ನವೆಂಬರಿನಲ್ಲಿ ಮಡಿದಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನೀಸರೇ ಮುಖ್ಯಾಧಿಕಾರಿಗಳಾದರು. ಜೊತೆಗೆ ಬಂದವರು ಒಬ್ಬೊಬ್ಬರಾಗಿ ಸ್ವದೇಶಕ್ಕೆ ಮರಳಿದ್ದರು. ಚೀನದಲ್ಲಿ ಉಳಿದಿದ್ದ ಬಸು ಅವರೂ ದೂರದ ಯೆನಾನಿನಲ್ಲಿದ್ದರು. ಗೆಗುಂಗ್ ಎಂಬ ಹಳ್ಳಿಯಲ್ಲಿ ಭಾರತೀಯನು ಇವರೊಬ್ಬರೇ.

ಇದನ್ನು ಬರೆಯುವಾಗ ನಮಗೆ ಕಾಡಂಚಿನ ಒಂದು ಆರೋಗ್ಯ ಕೇಂದ್ರದ ಸ್ಮರಣೆ ಬರುತ್ತದೆ. ಹೊಸದಾಗಿ ನಿಯಮಿತರಾದ ವೈದ್ಯರು ಒಳಗೆ ಕುಳಿತು ವರ್ಗಾವಣೆಯ ಅರ್ಜಿ ಬರೆಯುತ್ತಿದ್ದರು. ಹೊರಗೆ ಜೇನುಕುರುಬರ ತಾಯಿಯೊಬ್ಬಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಆಕೆಯ ಮಾತು ಅವರಿಗೆ ತಿಳಿಯದು, ಅವರ ಮಾತು ಆಕೆಗೆ ತಿಳಿಯದು. ಆ ವೈದ್ಯರನ್ನು ನಾವು ದೂರುವುದಿಲ್ಲ. ಅವರ ವಸತಿಗೃಹದ ಮಾಡು ಸೋರುತ್ತಿತ್ತು, ಮಕ್ಕಳಿಗೆ ಹತ್ತಿರದಲ್ಲಿ ಶಾಲೆಯಿರಲಿಲ್ಲ. ಆದರೂ ಗೆಗುಂಗಿನಲ್ಲಿ ಇವಾವುದೂ ಇರಲಿಲ್ಲವೆಂಬುದು ನೆನಪಾಗದೆ ಹೋಗಲಿಲ್ಲ. ಭಾಷೆಯನ್ನು ಕಲಿಯುವುದಕ್ಕೆ ಸರ್ಕಾರದ ಮಂಜೂರಾತಿ ಬೇಕಿಲ್ಲವಷ್ಟೆ.

1941ರ ನವೆಂಬರಿನಲ್ಲಿ ಕೋಟ್ನೀಸರು, ಅಲ್ಲಿಯ ವೈದ್ಯಶಾಲೆಯಲ್ಲಿ ದಾದಿಯರಿಗೆ ಪಾಠ ಹೇಳುತ್ತಿದ್ದ ಗುವೊ ಚಿಂಗ್‌ಲಾನ್ ಎಂಬಾಕೆಯನ್ನು ವಿವಾಹವಾದರು. ಮರುವರ್ಷ ಜುಲೈಯಲ್ಲಿ ಅಲ್ಲಿಯ ಕಮ್ಯೂನಿಸ್ಟ್ ಪಕ್ಷಕ್ಕೆ ಸೇರಿದರು. ಆಗಸ್ಟ್ 23ರಂದು ಮಗನು ಹುಟ್ಟಿದನು. ಭಾರತಕ್ಕೆ ಯಿನ್, ಚೀನಕ್ಕೆ ಹುವಾ. ಕೂಸಿಗೆ ಯಿನ್‌ಹುವಾ ಎಂದು ನಾಮಕರಣವಾಯಿತು. ಆ ವೇಳೆಗಾಗಲೇ ಅವರಿಗೆ ಅಪಸ್ಮಾರದ ಬಾಧೆ ಹತ್ತಿತ್ತು. ಬೇರೆಡೆಗೆ ಹೋಗಿ ಚಿಕಿತ್ಸೆ ಪಡೆಯಬೇಕೆಂದು ಹಿರಿಯರು ಒತ್ತಾಯಿಸಿದರೂ ಅವರು ಆಸ್ಪತ್ರೆಯನ್ನು ಬಿಡಲಿಲ್ಲ. ಇದು ಸರಿಯಾಗಿತ್ತೆಂದು ನಾವು ಹೇಳಲಾರೆವು. ಇತರರ ದೇಹವನ್ನು ಅಷ್ಟು ಜೋಕೆಯಿಂದ ಕಾಯುವವನು ತನ್ನದನ್ನೂ ಕೊಂಚ ಕಾದುಕೊಳ್ಳಬಹುದಾಗಿತ್ತು. 1942ನೆಯ ಡಿಸೆಂಬರ್ 9ರಂದು ಅವರು ತೀರಿಕೊಂಡರು. ವಯಸ್ಸು ಮೂವತ್ತೆರಡು, ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ.

1946ರಲ್ಲಿ ವಿ. ಶಾಂತಾರಾಮರು ಅವರ ಚರಿತ್ರೆಯನ್ನು ಚಲನಚಿತ್ರವಾಗಿ ತೆಗೆದರು. 1962ರಲ್ಲಿ ಎರಡು ದೇಶಗಳ ನಡುವೆ ಯುದ್ಧವೇ ನಡೆದು ಸ್ನೇಹದ ಮಾತೆಲ್ಲ ಕಹಿಯಾಯಿತು. ಆದರೂ 1982ರಲ್ಲಿ ಚೀನವೂ 1993ರಲ್ಲಿ ಭಾರತವೂ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದವು. ಶಿಜಿಯಾಜುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಬೆಥೂನರ ಸಮಾಧಿಯೊಡನೆ ಕೋಟ್ನೀಸರ ಸಮಾಧಿಯೂ ಇದೆ. ಯಿನ್‌ಹುವಾನು ತಂದೆಯ ವಿದ್ಯೆಯನ್ನೇ ಕಲಿಯಹೊರಟು 1967ರಲ್ಲಿ ಅಕಾಲದಲ್ಲಿ ಮಡಿದನು. ಗುವೊ ಚಿಂಗ್‌ಲಾನ್ ಅವರು ಆ ಬಳಿಕವೂ ಹಲವು ಸಲ ಭಾರತಕ್ಕೆ ಬಂದು ಗಂಡನ ಮನೆಯವರೊಡನೆ ನಂಟು ಉಳಿಸಿಕೊಂಡಿದ್ದರು. ಅವರು 2012ರಲ್ಲಿ ದೈವಾಧೀನರಾದರು. ಸೊಲ್ಲಾಪುರದ ಕೋಟ್ನೀಸರ ಮನೆಯು ಈಗ ಸ್ಮಾರಕವಾಗಿದೆ.