ಹಗಲು ಪಾಲಿಕೆ ಕೆಲಸ, ಬಿಡುವಿನಲ್ಲಿ ಮಂಗಳದ ಲೆಕ್ಕ: ಎಂಜಿನಿಯರ್ ಹೋಮನ್ ಕಥೆ

ಇಸ್ರೋದ ಮಂಗಳಯಾನ ಭೂಮಿಯ ಕಕ್ಷೆ ಬಿಟ್ಟಿದ್ದು 2013ರ ಡಿಸೆಂಬರ್ 1ರಂದು. ಮಂಗಳ ತಲುಪಿದ್ದು 2014ರ ಸೆಪ್ಟೆಂಬರ್ 24ರಂದು. ಬೆಂಗಳೂರಿನ ಪೀಣ್ಯದಲ್ಲಿ ಕೂತು ಅದನ್ನು ನಡೆಸಿದವರು ಹಿಡಿದ ದಾರಿಯ ಮೂಲ ಲೆಕ್ಕ ಜರ್ಮನಿಯ ಒಬ್ಬ ಸಿವಿಲ್ ಎಂಜಿನಿಯರ್‌ದು.

ಅವರೇ ವಾಲ್ಟರ್ ಹೋಮನ್. 1880ರ ಮಾರ್ಚ್ 18ರಂದು ಹಾರ್ಡ್‌ಹೈಮ್ ಎಂಬ ಸಣ್ಣ ಊರಲ್ಲಿ ಹುಟ್ಟಿದರು. ತಂದೆ ಡಾಕ್ಟರ್. ಮ್ಯೂನಿಕ್‌ನಲ್ಲಿ ಓದಿ, ನಾಲ್ಕಾರು ಊರು ಸುತ್ತಿ, ಕೊನೆಗೆ ಎಸ್ಸೆನ್ ನಗರಾಡಳಿತದಲ್ಲಿ ನೌಕರಿಗೆ ನಿಂತರು. ಕಟ್ಟಡ ಭಾರ ತಡೆಯುತ್ತಾ, ಕಾಂಕ್ರೀಟ್ ಸರಿ ಇದೆಯಾ ಅಂತ ನೋಡೋ ಕೆಲಸ. ಗ್ರಹಗಳ ಲೆಕ್ಕ ಏನಿದ್ದರೂ ಡ್ಯೂಟಿ ಮುಗಿದ ಮೇಲೆ.

1925ರಲ್ಲಿ ಅವರ ಪುಸ್ತಕ ಬಂತು. ದ್ರವ ಇಂಧನದ ಮೊದಲ ರಾಕೆಟ್ ಹಾರಿದ್ದೇ ಅದರ ಮರುವರ್ಷ!

ಭೂಮಿ, ಮಂಗಳ ಎರಡೂ ಸೂರ್ಯನ ಸುತ್ತ ಓಡ್ತಾನೇ ಇರುತ್ತವೆ. ಮಂಗಳ ಕಾಣೋ ಕಡೆಗೆ ನೇರ ಹೊರಟರೆ, ತಲುಪೋ ಹೊತ್ತಿಗೆ ಅದು ಅಲ್ಲಿರಲ್ಲ. ಹೋಮನ್ ಲೆಕ್ಕ ಬೇರೆ. ಭೂಮಿ ಓಡುವ ದಿಕ್ಕಿನಲ್ಲೇ ಒಮ್ಮೆ ಎಂಜಿನ್ ಉರಿಸಿ ವೇಗ ಹೆಚ್ಚಿಸಬೇಕು. ಆಮೇಲೆ ಎಂಜಿನ್ ಆಫ್. ನೌಕೆ ತಾನಾಗೇ ಉದ್ದನೆಯ ವೃತ್ತದ ದಾರಿಯಲ್ಲಿ ಸೂರ್ಯನಿಗೆ ಅರ್ಧ ಸುತ್ತು ಹಾಕಿ ಮಂಗಳದ ಕಕ್ಷೆ ಮುಟ್ಟುತ್ತೆ. ಅಲ್ಲಿ ಇನ್ನೊಮ್ಮೆ ಉರಿಸಿ ಮಂಗಳದ ವೇಗಕ್ಕೆ ಹೊಂದಿಕೊಳ್ಳಬೇಕು. ಇಂಧನ ಕಡಿಮೆ, ಸಮಯ ಜಾಸ್ತಿ. ಸುಮಾರು 260 ದಿನ. ಹೊರಡೋ ಮುಹೂರ್ತವೂ ಸುಮಾರು 26 ತಿಂಗಳಿಗೊಮ್ಮೆ ಮಾತ್ರ.

ಮನುಷ್ಯರು ಹೋಗೋದಾದ್ರೆ ಕಷ್ಟ ಇಲ್ಲೇ ಶುರು. ಇಳಿದ ಕೂಡಲೇ ವಾಪಸ್ ಬರೋ ಹಾಗಿಲ್ಲ. ಎರಡೂ ಗ್ರಹ ಸರಿಯಾದ ಜಾಗಕ್ಕೆ ಬರೋವರೆಗೆ 450 ದಿನದಷ್ಟು ಅಲ್ಲೇ ಕಾಯಬೇಕು. ಹೋಗಿ ಬರೋಕೆ ಒಟ್ಟು ಎರಡೂವರೆ ವರ್ಷ ದಾಟುತ್ತೆ. ಅಷ್ಟು ದಿನದ ಊಟ, ನೀರು, ಗಾಳಿ ಹೊತ್ತರೆ ತೂಕ ಏರುತ್ತೆ, ತೂಕಕ್ಕೆ ಮತ್ತೆ ಇಂಧನ. ಒಂದು ಕಡೆ ಉಳಿಸಿದ್ದು ದಿನಸಿಗೆ ಹೋಯ್ತು ಅನ್ನೋ ಅಂಗಡಿ ಲೆಕ್ಕವೇ. ಈ ಗಂಟು ಇಂದಿಗೂ ಬಿಡಿಸಿಲ್ಲ.

ಮುಂದೆ ಜರ್ಮನಿ ರಾಕೆಟ್ಟನ್ನೇ ಬಾಂಬ್ ಮಾಡಿತು. ಹೋಮನ್ ಆ ಕಡೆ ಹೋಗಲಿಲ್ಲ, ಪಾಲಿಕೆ ಕೆಲಸದಲ್ಲೇ ಉಳಿದರು. 1945ರ ಮಾರ್ಚ್ 11ರಂದು ಸಾವಿರಕ್ಕೂ ಹೆಚ್ಚು ವಿಮಾನಗಳು ಎಸ್ಸೆನ್ ಮೇಲೆ ಬಾಂಬ್ ಸುರಿಸಿದವು. ಹೋಮನ್ ತೀರಿಕೊಂಡಿದ್ದೂ ಅದೇ ಊರಲ್ಲಿ, ಅದೇ ದಿನ. 65 ತುಂಬೋಕೆ ಒಂದು ವಾರ ಬಾಕಿ ಇತ್ತು. ಮಂಗಳದ ಹತ್ತಿರ ಹಾದು ಹೋಗಿ ಫೋಟೋ ಕಳಿಸಿದ ಮೊದಲ ನೌಕೆ ಮ್ಯಾರಿನರ್ 4. ಅದು 1965ರಲ್ಲಿ.