ಹೆನ್ರಿ ವಾಲ್ಟರ್ ಬೇಟ್ಸ್: ಚಿಟ್ಟೆಯ ವೇಷ, ಮನುಷ್ಯನ ಮಾಯೆ

ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಗುರುತು ಹಿಡಿಯಲು ಅತ್ಯಂತ ಕಠಿಣವಾದುದು ಮಾಯೆ. ಕ್ರೋಧವು ಮುಖದಲ್ಲಿ ಕಾಣುತ್ತದೆ, ಮಾನವು ನಡಿಗೆಯಲ್ಲಿ ಕಾಣುತ್ತದೆ. ಮಾಯೆಯಾದರೋ ಮರೆಯಾಗಿರುವುದನ್ನೇ ತನ್ನ ಸ್ವಭಾವವಾಗಿ ಉಳ್ಳದ್ದು. ಇದಕ್ಕೆ ವಶರಾದವರು ಒಂದು ಸಮರ್ಥನೆಯನ್ನು ಮುಂದಿಡುವುದುಂಟು. ಪ್ರಕೃತಿಯೇ ವಂಚಿಸುತ್ತದೆ, ಕೀಟವು ಎಲೆಯಂತೆ ನಟಿಸುತ್ತದೆ, ದುರ್ಬಲವು ಬಲಿಷ್ಠದ ವೇಷ ಧರಿಸುತ್ತದೆ. ಹೀಗಿರಲು ತಕ್ಕಡಿಯಲ್ಲಿ ಕೊಂಚ ಕೈಚಳಕ ತೋರಿದ ವರ್ತಕನದು ಮಾತ್ರ ಏನಪರಾಧ ಎಂದು ಅವರು ಕೇಳುತ್ತಾರೆ. ಈ ಮಾತಿನ ತೂಕವನ್ನು ನೋಡಬೇಕೆನ್ನುವವರು ಕೀಟಗಳ ವೇಷದ ಮರ್ಮವನ್ನು ಮೊದಲು ಬಿಡಿಸಿ ಹೇಳಿದ ಆಂಗ್ಲ ವಿದ್ವಾಂಸ ಹೆನ್ರಿ ವಾಲ್ಟರ್ ಬೇಟ್ಸನ ಚರಿತ್ರೆಯನ್ನು ಅರಿಯಬೇಕು.

ಬೇಟ್ಸನು 1825ನೆಯ ಇಸವಿ ಫೆಬ್ರವರಿ 8ರಂದು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಜನಿಸಿದನು. ತಂದೆಯದು ಕಾಲುಚೀಲಗಳನ್ನು ನೇಯಿಸಿ ಮಾರುವ ವ್ಯಾಪಾರ. ಬಾಲಕನು 13ನೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ಅದೇ ಕಸುಬಿನ ಒಬ್ಬ ವರ್ತಕನಲ್ಲಿ ಕೆಲಸ ಕಲಿಯಲು ಸೇರಿದನು. ಬೆಳಿಗ್ಗೆ 7 ಗಂಟೆಯಿಂದ ರಾತ್ರಿ 8ರವರೆಗೆ ದುಡಿಮೆ. ಆ ಬಳಿಕ ಕಾರ್ಮಿಕರಿಗಾಗಿ ನಡೆಯುತ್ತಿದ್ದ ಸಂಸ್ಥೆಯಲ್ಲಿ ವ್ಯಾಸಂಗ. ಬಿಡುವು ದೊರೆತಾಗ ಸುತ್ತಲಿನ ಕಾಡಿನಲ್ಲಿ ಜೀರುಂಡೆಗಳ ಶೋಧನೆ. 1844ರ ವೇಳೆಗೆ ಅದೇ ಊರಿನ ಶಾಲೆಗೆ ಉಪಾಧ್ಯಾಯನಾಗಿ ಬಂದ ಆಲ್ಫ್ರೆಡ್ ರಸೆಲ್ ವಾಲೇಸನ ಸ್ನೇಹವಾಯಿತು. ಇಬ್ಬರೂ ಬಡವರು. ದೂರದೇಶದ ಕೀಟಗಳನ್ನು ಸಂಗ್ರಹಿಸಿ ಲಂಡನ್ನಿನಲ್ಲಿ ಮಾರಿಸಿ, ಅದರಿಂದಲೇ ಪ್ರಯಾಣದ ವೆಚ್ಚವನ್ನು ತೂಗಿಸುವುದೆಂದು ನಿಶ್ಚಯಿಸಿ, 1848ರ ಏಪ್ರಿಲಿನಲ್ಲಿ ಹಡಗನ್ನೇರಿ ಮೇ ತಿಂಗಳ ಕೊನೆಯಲ್ಲಿ ಬ್ರೆಜಿಲ್ ದೇಶದ ಪಾರಾ ಪಟ್ಟಣವನ್ನು ಮುಟ್ಟಿದರು.

ವಾಲೇಸನು 1852ರಲ್ಲಿ ಹಿಂದಿರುಗಿದನು. ದಾರಿಯಲ್ಲಿ ಹಡಗಿಗೆ ಬೆಂಕಿ ಬಿದ್ದು ಅವನ ಸಂಗ್ರಹದ ಬಹುಭಾಗ ನಾಶವಾಯಿತು. ಬೇಟ್ಸನು ಮಾತ್ರ ಅಮೆಜಾನ್ ನದಿಯ ದಡಗಳಲ್ಲಿ 11 ವರ್ಷ ನಿಂತನು. ನದಿಯ ಮೇಲ್ಭಾಗದ ಎಗಾ ಎಂಬ ಗ್ರಾಮವೇ (ಈಗಿನ ಹೆಸರು ಟೆಫೆ) ಬಹುಕಾಲ ಅವನ ನೆಲೆಯಾಗಿತ್ತು. ಒಮ್ಮೆ 12 ತಿಂಗಳು ಸ್ವದೇಶದಿಂದ ಪತ್ರವಾಗಲಿ ಹಣವಾಗಲಿ ಬರಲಿಲ್ಲ. ಬಟ್ಟೆ ಚಿಂದಿಯಾಯಿತು, ಕಾಲಿಗೆ ಪಾದರಕ್ಷೆ ಇಲ್ಲವಾಯಿತು, ಸೇವಕನು ಓಡಿಹೋದನು, ಇದ್ದ ಹಣವೂ ಕಳುವಾಯಿತು. ಸಾಲದ ಊಟದಿಂದ ದೇಹ ಸೊರಗಿತು. ಇದನ್ನು ತಪಸ್ಸೆಂದು ಹೊಗಳಬೇಕಾಗಿಲ್ಲ. ಉಪವಾಸಿಯ ಹೊಟ್ಟೆಯೂ ನಿರ್ಗತಿಕನ ಹೊಟ್ಟೆಯೂ ಹೊರಗಿನಿಂದ ಒಂದೇ ತೆರನಾಗಿ ಕಂಡರೂ ಒಂದರ ಹಿಂದೆ ಸಂಕಲ್ಪವಿದೆ, ಇನ್ನೊಂದರ ಹಿಂದೆ ಇಲ್ಲ. ಹೊರಗಿನ ರೂಪ ಬೇರೆ, ಒಳಗಿನ ಭಾವ ಬೇರೆ ಎಂಬ ಈ ಭೇದವೇ ಮುಂದಿನ ವಿಷಯಕ್ಕೂ ಕೀಲಿಕೈ.

ಆ ಅರಣ್ಯದಲ್ಲಿ ಕಣ್ಣನ್ನು ನಂಬುವಂತಿರಲಿಲ್ಲ. ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಂತ ಝೇಂಕಾರದ ಹಕ್ಕಿಯೆಂದು ಬೇಟ್ಸನು ಹಲವು ಬಾರಿ ಪತಂಗವನ್ನೇ ಹೊಡೆದು ಕೆಡವಿದನು. ಹಾರುತ್ತಿರುವಾಗ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತಿಳಿಯಲು ಅವನಿಗೆ ಅನೇಕ ದಿನಗಳೇ ಬೇಕಾದವು. ಒಮ್ಮೆ ದೊಡ್ಡದೊಂದು ಕಂಬಳಿಹುಳು ಎಲೆಗಳ ನಡುವಿನಿಂದ ಚಾಚಿಕೊಂಡಿತು. ಅದರ ಮುಂಭಾಗವು ವಿಷಸರ್ಪದ ಹೆಡೆಯಂತೆಯೇ ಇತ್ತು. ಅದನ್ನು ಊರಿಗೆ ಒಯ್ದು ತೋರಿಸಿದಾಗ ನೋಡಿದವರೆಲ್ಲ ಬೆದರಿದರು.

ಚಿಟ್ಟೆಗಳ ವಿಷಯ ಇನ್ನೂ ವಿಚಿತ್ರ. ಉದ್ದ ರೆಕ್ಕೆಯ, ಎದ್ದುಕಾಣುವ ಬಣ್ಣದ ಒಂದು ಕುಲದ ಚಿಟ್ಟೆಗಳು ಮಂದಗತಿಯಲ್ಲಿ ಗುಂಪುಗುಂಪಾಗಿ ಹಾರುತ್ತಿದ್ದವು. ಅಷ್ಟು ಸುಲಭವಾಗಿ ಸಿಗುವಂತಿದ್ದರೂ ಹಕ್ಕಿಗಳು ಅವನ್ನು ಬೆನ್ನಟ್ಟುತ್ತಿರಲಿಲ್ಲ. ಅವುಗಳ ಮೈಯಲ್ಲಿ ಒಂದು ಬಗೆಯ ವಾಸನೆ. ಒಣಗಲು ಇಟ್ಟಾಗ ಕ್ರಿಮಿಗಳು ಸಹ ಅವಕ್ಕೆ ಅಷ್ಟಾಗಿ ಬಾಯಿ ಹಾಕುತ್ತಿರಲಿಲ್ಲ. ಈ ಗುಂಪುಗಳನ್ನು ಮನೆಯಲ್ಲಿ ಬಿಡಿಸಿ ಪರೀಕ್ಷಿಸಿದಾಗ, ಅಲ್ಲೊಂದು ಇಲ್ಲೊಂದು ಚಿಟ್ಟೆ ಬಣ್ಣದಲ್ಲಿ ಅವುಗಳಂತೆಯೇ ಇದ್ದರೂ ಕಾಲು ನರಗಳ ರಚನೆಯಲ್ಲಿ ಬಿಳಿಚಿಟ್ಟೆಗಳ ಕುಲಕ್ಕೆ ಸೇರಿದುದೆಂದು ತಿಳಿಯಿತು. ಇವು ಸಾವಿರಕ್ಕೆ ಒಂದರಷ್ಟು ವಿರಳ. ಪ್ರದೇಶ ಬದಲಾಗಿ ಅರುಚಿಯ ಚಿಟ್ಟೆಯ ಬಣ್ಣ ಬದಲಾದಲ್ಲಿ ಅನುಕರಿಸುವ ಚಿಟ್ಟೆಯ ಬಣ್ಣವೂ ಅದರಂತೆಯೇ ಬದಲಾಗಿರುತ್ತಿತ್ತು.

1859ರಲ್ಲಿ ಬೇಟ್ಸನು ಊರಿಗೆ ಮರಳಿದನು. ಅದೇ ವರ್ಷ ಡಾರ್ವಿನ್ನನ ಗ್ರಂಥ ಪ್ರಕಟವಾಯಿತು. ಕಾಲುಚೀಲದ ವ್ಯಾಪಾರಕ್ಕೆ ಮತ್ತೆ ಕೈಹಚ್ಚುತ್ತಲೇ ಬೇಟ್ಸನು ತನ್ನ ಸಂಗ್ರಹವನ್ನು ಅಭ್ಯಸಿಸಿ, 1861ರ ನವೆಂಬರಿನಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಪ್ರಬಂಧವನ್ನು ಓದಿದನು. ಅದರ ಸಾರ ಸರಳವಾದುದು. ಒಂದು ತಲೆಮಾರಿನ ಚಿಟ್ಟೆಗಳೆಲ್ಲ ಒಂದೇ ತೆರನಾಗಿ ಹುಟ್ಟುವುದಿಲ್ಲ. ಅರುಚಿಯ ಚಿಟ್ಟೆಯನ್ನು ಕಿಂಚಿತ್ತಾದರೂ ಹೋಲುವುದನ್ನು ಹಕ್ಕಿ ಬಿಡುತ್ತದೆ, ಹೋಲದಿರುವುದನ್ನು ತಿನ್ನುತ್ತದೆ. ಉಳಿದುದು ಸಂತತಿಯನ್ನು ಬಿಡುತ್ತದೆ. ಹೀಗೆ ಸಾವಿರಾರು ತಲೆಮಾರು ಕಳೆಯುವಾಗ ಹೋಲಿಕೆ ಪರಿಪೂರ್ಣವಾಗುತ್ತದೆ. ವೇಷವನ್ನು ತಿದ್ದಿದ್ದು ಹಕ್ಕಿಯ ಕಣ್ಣು. ಚಿಟ್ಟೆ ಏನನ್ನೂ ಯೋಚಿಸಲಿಲ್ಲ.

ಈ ವೇಷಕ್ಕೂ ಒಂದು ಮಿತಿಯುಂಟು. ಅನುಕರಿಸುವ ಚಿಟ್ಟೆಗಳ ಸಂಖ್ಯೆ ಮೇರೆ ಮೀರಿತೆನ್ನಿ. ಹಕ್ಕಿಯು ಆ ಬಣ್ಣದ್ದನ್ನು ತಿಂದು ರುಚಿ ಕಂಡು ಮತ್ತೆ ಮತ್ತೆ ಎರಗುತ್ತದೆ, ರಕ್ಷಣೆ ಮುರಿದು ಬೀಳುತ್ತದೆ. ಸುಳ್ಳುನಾಣ್ಯ ಚಲಾವಣೆಯಾಗಬೇಕಾದರೆ ಪೇಟೆಯಲ್ಲಿ ಒಳ್ಳೆಯ ನಾಣ್ಯ ಹೇರಳವಾಗಿರಬೇಕಷ್ಟೆ. ನಮ್ಮ ನಾಡಿನಲ್ಲಿಯೂ ಇದಕ್ಕೆ ನಿದರ್ಶನವಿದೆ. ಎಕ್ಕದ ಎಲೆಯನ್ನು ತಿಂದು ಬೆಳೆದು ಅದರ ವಿಷವನ್ನು ಮೈಯಲ್ಲಿಟ್ಟುಕೊಳ್ಳುವ ಕಿತ್ತಳೆ ಬಣ್ಣದ ಚಿಟ್ಟೆಯೊಂದು ಎಲ್ಲೆಡೆ ಕಾಣುತ್ತದೆ. ಗೋಣಿಸೊಪ್ಪಿನಲ್ಲಿ ಬೆಳೆಯುವ ಇನ್ನೊಂದು ನಿರುಪದ್ರವಿ ಜಾತಿಯಲ್ಲಿ ಹೆಣ್ಣು ಮಾತ್ರ ಅದೇ ಕಿತ್ತಳೆ ವೇಷದಲ್ಲಿದ್ದು, ಗಂಡು ಬಿಳಿಯ ಮಚ್ಚೆಗಳುಳ್ಳ ಕಪ್ಪು ಬಣ್ಣದ್ದಾಗಿದೆ.

ಹಾಗಾದರೆ ಚಿಟ್ಟೆಯು ಅಸತ್ಯವಾದಿಯೇ? ಅದು ಚತುರಿಂದ್ರಿಯ ಜೀವ, ಮನಸ್ಸಿಲ್ಲದ ಅಸಂಜ್ಞಿ. ಕಷಾಯದ ಉದಯವು ಸಂಸಾರಿ ಜೀವಿಯಾದ ಅದಕ್ಕೂ ತಪ್ಪಿದ್ದಲ್ಲವಾದರೂ ರೆಕ್ಕೆಯ ವರ್ಣವು ನಾಮಕರ್ಮದ ಫಲವಾಗಿ ಬಂದ ದೇಹಧರ್ಮ. ಪರರನ್ನು ಮೋಸಗೊಳಿಸಲು ಹೂಡಿದ ಆಲೋಚನೆಯಲ್ಲ. ತಕ್ಕಡಿ ಹಿಡಿದ ಮನುಷ್ಯನಾದರೋ ಸಂಜ್ಞಿ. ಕಡಿಮೆ ತೂಗುವ ಮುನ್ನ ಅವನು ಗಿರಾಕಿಯ ಕಣ್ಣು ಎತ್ತ ಇದೆಯೆಂದು ನೋಡುತ್ತಾನೆ. ಆ ನೋಟದಲ್ಲಿಯೇ ಮಾಯೆ ಇದೆ. ಮಾಯೆಯು ತಿರ್ಯಗಾಯುವಿನ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವು ತಿಳಿಸುವಾಗ ಈ ವರ್ತಕನಿಗೆ ಎಚ್ಚರಿಕೆ ಇದೆ. ಪ್ರಾಣಿಯನ್ನು ಸಾಕ್ಷಿಗೆ ಕರೆದು ವಂಚಿಸುವವನು ಪ್ರಾಣಿಜನ್ಮಕ್ಕೇ ದಾರಿ ತೆರೆದುಕೊಳ್ಳುತ್ತಾನೆ! ಶಲ್ಯರಹಿತನೇ ವ್ರತಿಯೆಂಬ ಲಕ್ಷಣವನ್ನು ಹೇಳುವಾಗಲೂ ಮೂರು ಶಲ್ಯಗಳಲ್ಲಿ ಮಾಯೆಯನ್ನು ಎಣಿಸಿರುವುದು ವ್ರತಸ್ಥರಿಗೆ ತಿಳಿದದ್ದೇ.

ಬೇಟ್ಸನು ಕಳುಹಿಸಿದ ಜೀವಜಾತಿಗಳ ಸಂಖ್ಯೆ 14,712. ಅವುಗಳಲ್ಲಿ ಸುಮಾರು 8,000 ವಿಜ್ಞಾನಕ್ಕೆ ಹೊಸವು. ಅಷ್ಟು ಜಾತಿಗಳ ಸಂಗ್ರಹವೆಂದರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಜೀವಿಗಳ ಹತ್ಯೆ. ಅಹಿಂಸಾಣುವ್ರತವನ್ನು ಹಿಡಿದವರು ಇದನ್ನು ಮೆಚ್ಚಲಾರರು. ಮರೆಮಾಚಿ ಅವನ ಚರಿತ್ರೆಯನ್ನು ಬಣ್ಣಿಸಿದರೆ ಅದೂ ವೇಷ ತೊಡಿಸಿದಂತೆಯೇ.

ಆದರೆ ಕಂಡುದನ್ನು ಕಂಡಂತೆ ಹೇಳುವುದರಲ್ಲಿ ಅವನಿಗೆ ಸಮಾನರು ಕಡಿಮೆ. ಹಕ್ಕಿಯನ್ನು ಹಿಡಿಯುವ ಜೇಡವನ್ನು ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಮಹಿಳೆಯು 1705ರಲ್ಲಿಯೇ ಚಿತ್ರಿಸಿದ್ದಳು. ಅನಂತರದ ಪಂಡಿತರು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕಿದ್ದರು. ಎರಡು ಪುಟ್ಟ ಹಕ್ಕಿಗಳೊಂದಿಗೆ ಅಂತಹ ಜೇಡವನ್ನು ಬೇಟ್ಸನು ಪ್ರತ್ಯಕ್ಷ ಕಂಡು, ಒಂದು ಸತ್ತಿತ್ತು, ಇನ್ನೊಂದು ಸಾಯುವುದರಲ್ಲಿತ್ತು ಎಂಬಷ್ಟು ವಿವರದೊಡನೆ 1863ರ ತನ್ನ ಪ್ರವಾಸಗ್ರಂಥದಲ್ಲಿ ದಾಖಲಿಸಿದನು. ಸುಳ್ಳುಗಾರ್ತಿ ಎನಿಸಿಕೊಂಡಿದ್ದವಳ ಮಾತು ಅವಳು ತೀರಿ ಶತಮಾನ ಕಳೆದ ಮೇಲೆ ದಿಟವಾಯಿತು.

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅವನು ಬಯಸಿದ ಹುದ್ದೆ ಸಿಗಲಿಲ್ಲ. 1864ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಸಹಾಯಕ ಕಾರ್ಯದರ್ಶಿಯಾಗಿ, ಬೇರೆಯವರ ಪ್ರವಾಸಗಳಿಗೆ ವ್ಯವಸ್ಥೆ ಮಾಡುತ್ತ, ಬೇರೆಯವರ ಬರಹಗಳನ್ನು ತಿದ್ದುತ್ತ ಉಳಿದ ಆಯುಸ್ಸನ್ನು ಕಳೆದನು. 1881ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವ ಬಂದಿತು. ಅವನ ಸಿದ್ಧಾಂತಕ್ಕೆ ಒಗ್ಗದ ಒಂದು ಸಂಗತಿಯೂ ಇತ್ತು: ಎರಡೂ ಅರುಚಿಯವೇ ಆದ ಚಿಟ್ಟೆಗಳು ಒಂದನ್ನೊಂದು ಹೋಲುವುದೇಕೆ? ವಂಚಿಸಬೇಕಾದ ಅಗತ್ಯ ಎರಡಕ್ಕೂ ಇಲ್ಲವಲ್ಲ. ಬೇಟ್ಸನು ಈ ತೊಡಕನ್ನು ಪ್ರಬಂಧದಲ್ಲಿ ಅಡಗಿಸಲಿಲ್ಲ. ಎಲ್ಲರಿಗೂ ಕಾಣುವಂತೆ ಇಟ್ಟನು. ಬ್ರೆಜಿಲ್ಲಿನಲ್ಲಿ ನೆಲೆಸಿದ್ದ ಜರ್ಮನ್ ವಿದ್ವಾಂಸ ಫ್ರಿಟ್ಸ್ ಮ್ಯೂಲರನು 1870ರ ದಶಕದ ಕೊನೆಯಲ್ಲಿ ಅದನ್ನು ಬಿಡಿಸಿದನು. ಒಂದೇ ಗುರುತನ್ನು ಧರಿಸಿದ ಎರಡು ಜಾತಿಗಳು, ಎಳೆಯ ಹಕ್ಕಿಗಳು ಪಾಠ ಕಲಿಯುವಾಗ ಆಗುವ ನಷ್ಟವನ್ನು ತಮ್ಮಲ್ಲಿ ಹಂಚಿಕೊಳ್ಳುತ್ತವೆ; ಅಲ್ಲಿ ಕಂಡುದೂ ನಿಜ, ಸಾರುವುದೂ ನಿಜ. ಬೇಟ್ಸನು ಕೊನೆಯ ವರ್ಷಗಳಲ್ಲಿ ಚಿಟ್ಟೆಗಳನ್ನು ಬಿಟ್ಟು ಬಾಲ್ಯದ ಜೀರುಂಡೆಗಳ ಅಧ್ಯಯನಕ್ಕೇ ಮರಳಿದ್ದನು. 1892ನೆಯ ಫೆಬ್ರವರಿ 16ರಂದು, ಇನ್ನೂ ಅದೇ ಸಹಾಯಕ ಕಾರ್ಯದರ್ಶಿಯ ಹುದ್ದೆಯಲ್ಲಿರುವಾಗಲೇ, ಶ್ವಾಸನಾಳದ ಕಾಯಿಲೆಯಿಂದ ತೀರಿಕೊಂಡನು.